ನಿಜವಾದರೂ ಆಡಬಾರದ ಮಾತು

ಆಫೀಸಿನಲ್ಲಿ ಗಾಸಿಪ್ ಶುರುವಾಗೋದು "ನಿಂಗೆ ಮಾತ್ರ ಹೇಳ್ತಿದೀನಿ, ಯಾರಿಗೂ ಹೇಳ್ಬೇಡ" ಅನ್ನೋ ಮಾತಿನಿಂದ. ಮದುವೆ ಮನೆಯಲ್ಲಾದರೆ "ನಮಗ್ಯಾಕೆ ಬಿಡಿ ಬೇರೆಯವರ ವಿಷಯ, ಆದ್ರೂ..." ಅಂತ. ನಾನು ಬೆಳೆದ ಚರ್ಚಿನಲ್ಲಿ ಇದಕ್ಕೆ ಇನ್ನೂ ನಯವಾದ ರೂಪವೊಂದಿದೆ: "ಆ ಮನೆಯವರಿಗಾಗಿ ಸ್ವಲ್ಪ ಪ್ರಾರ್ಥನೆ ಮಾಡಿ, ಮಗಳದ್ದು ಏನೋ ಸಮಸ್ಯೆ ಅಂತೆ." ಪ್ರಾರ್ಥನಾ ಕೂಟ ಮುಗಿಯುವ ಹೊತ್ತಿಗೆ ಆ ಸಮಸ್ಯೆ ಏನು, ಯಾವಾಗ ಶುರುವಾಯ್ತು, ಹುಡುಗ ಯಾರು ಅನ್ನೋದೆಲ್ಲ ಎಲ್ಲರಿಗೂ ಗೊತ್ತಾಗಿರುತ್ತದೆ. ಪ್ರಾರ್ಥನೆ ಮಾತ್ರ ಎರಡೇ ನಿಮಿಷ.

ನಗು ಬರುತ್ತೆ, ನಿಜ. ಆದರೆ ಕ್ರೈಸ್ತ ಧರ್ಮಗ್ರಂಥ ಇದನ್ನು ಸಣ್ಣ ವಿಷಯ ಅಂತ ಬಿಟ್ಟಿಲ್ಲ. ರೋಮ್‌ನ ವಿಶ್ವಾಸಿಗಳಿಗೆ ಪೌಲನು ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಪಾಪಗಳ ಉದ್ದನೆಯ ಪಟ್ಟಿಯೊಂದಿದೆ. ಕೊಲೆ, ಮೋಸ, ಹೊಟ್ಟೆಕಿಚ್ಚುಗಳ ಜೊತೆಯಲ್ಲೇ ಚಾಡಿ ಹೇಳುವವರೂ ಅದೇ ಪಟ್ಟಿಯಲ್ಲಿ ಬರುತ್ತಾರೆ. ಸಂಡೇ ಸ್ಕೂಲಿನಲ್ಲಿ ಇದನ್ನು ಓದಿದಾಗ 'ಸ್ವಲ್ಪ ಜಾಸ್ತಿ ಆಯ್ತು' ಅನ್ನಿಸುತ್ತಿತ್ತು. ಎಂಟು ವರ್ಷ ಐಟಿ ಕಂಪನಿಗಳಲ್ಲಿ ಕೆಲಸ ಮಾಡಿದ ಮೇಲೆ ಹಾಗೆ ಅನ್ನಿಸುವುದಿಲ್ಲ.

ಕೆಲಸವಿಲ್ಲದ ಮಾತು

ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಒಂದು ಎಚ್ಚರಿಕೆ ಕೊಡುತ್ತಾರೆ. ನ್ಯಾಯತೀರ್ಪಿನ ದಿನ ನಾವು ಮಾಡಿದ ಕೆಲಸಗಳಷ್ಟೇ ಅಲ್ಲ, ಸುಮ್ಮನೆ ಆಡಿ ಮರೆತ ಮಾತುಗಳೂ ಲೆಕ್ಕಕ್ಕೆ ಬರುತ್ತವೆ ಅನ್ನುವುದು ಅದರ ಸಾರ. ಅಲ್ಲಿ ಬಳಸಿರುವ ಗ್ರೀಕ್ ಪದದ ಮೂಲ ಅರ್ಥ 'ಕೆಲಸವಿಲ್ಲದ್ದು'. ಪಿಯುಸಿಯಲ್ಲಿ ಓದಿದ ಆರ್ಗಾನ್ ಅನಿಲದ ಹೆಸರೂ ಅದೇ ಪದದಿಂದ ಬಂದಿದೆ. ಯಾವುದರ ಜೊತೆಗೂ ಸುಲಭವಾಗಿ ಸೇರಿ ಕೆಲಸ ಮಾಡದ ಅನಿಲ ಅಂತ ಅದಕ್ಕೆ ಆ ಹೆಸರು.

ಕೆಟ್ಟ ಉದ್ದೇಶದಿಂದ ಆಡಿದ ಮಾತು ತಪ್ಪು ಅಂತ ಹೇಳೋಕೆ ಧರ್ಮಗ್ರಂಥವೇ ಬೇಕಾಗಿಲ್ಲ. ಈ ಬೋಧನೆ ಹಿಡಿದು ನಿಲ್ಲಿಸುವುದು ಉದ್ದೇಶವೇ ಇಲ್ಲದ ಮಾತನ್ನು. ಟೈಂಪಾಸಿಗೆ ಆಡಿದ್ದು, ಪೂರ್ತಿ ಓದದೆ ಫಾರ್ವರ್ಡ್ ಮಾಡಿದ್ದು, ಬೇರೆ ಏನೂ ಹೇಳೋಕೆ ಇಲ್ಲ ಅಂತ ಹೇಳಿದ್ದು.

ಯಾಕೋಬನ ಪತ್ರದ 3ನೇ ಅಧ್ಯಾಯ ಇದೇ ವಿಷಯಕ್ಕೆ ಮೀಸಲು. ಅಲ್ಲಿ ನಾಲಿಗೆಯನ್ನು ವಿವರಿಸಲು ಮೂರು ಸಣ್ಣ ವಸ್ತುಗಳನ್ನು ತಂದಿದ್ದಾರೆ: ಕುದುರೆಯ ಬಾಯಿಗೆ ಹಾಕುವ ಕಡಿವಾಣ, ದೊಡ್ಡ ಹಡಗನ್ನೇ ತಿರುಗಿಸುವ ಚುಕ್ಕಾಣಿ, ಕಾಡನ್ನೇ ಸುಡಬಲ್ಲ ಒಂದು ಕಿಡಿ.

ಮೂರನೆಯದು ಬರೀ ಹೋಲಿಕೆ ಅನ್ನಿಸಿದರೆ 2018ರ ಜುಲೈ ತಿಂಗಳನ್ನು ನೆನಪು ಮಾಡಿಕೊಳ್ಳಿ. ಬೀದರ್ ಜಿಲ್ಲೆಯ ಮುರ್ಕಿ ಗ್ರಾಮ. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಓಡಿತು. ಜನ ಸೇರಿದರು, ಹೊಡೆದರು. ಅವರಲ್ಲಿ ಒಬ್ಬರು ಅಲ್ಲೇ ಪ್ರಾಣ ಕಳೆದುಕೊಂಡರು, ಉಳಿದವರು ಗಾಯಗೊಂಡರು. ಸತ್ತವರು ನನ್ನಂತೆಯೇ ಸಾಫ್ಟ್‌ವೇರ್ ಎಂಜಿನಿಯರ್. ಆ ಮೆಸೇಜನ್ನು ಮುಂದಕ್ಕೆ ಕಳಿಸಿದವರಲ್ಲಿ ಕೆಲವರಾದರೂ 'ಪಾಪ ಮಕ್ಕಳು' ಅಂದುಕೊಂಡೇ ಕಳಿಸಿರಬೇಕು. ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಚಾಟ್‌ಗಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕುವುದಾಗಿ ವಾಟ್ಸ್ಆ್ಯಪ್ ಹೇಳಿದ್ದು ಅದೇ ತಿಂಗಳು.

"ನಿಜಾನೇ ತಾನೇ ಹೇಳಿದ್ದು?"

ಮುರ್ಕಿಯಲ್ಲಿ ಓಡಾಡಿದ್ದು ಸುಳ್ಳು. ಹಾಗಾಗಿ ತಪ್ಪು ಎಲ್ಲಿ ಅಂತ ತೋರಿಸೋದು ಸುಲಭ. ಆದರೆ ನಮ್ಮ ನಿಮ್ಮ ದಿನನಿತ್ಯದ ಗಾಸಿಪ್ ಹೆಚ್ಚಿನ ಸಲ ಸುಳ್ಳಾಗಿರುವುದಿಲ್ಲ. ಯಾರಾದರೂ ಪ್ರಶ್ನೆ ಮಾಡಿದರೆ "ಇದ್ದಿದ್ದನ್ನೇ ಹೇಳಿದೆ" ಅಂತ ತಪ್ಪಿಸಿಕೊಳ್ಳಬಹುದು. ಕ್ರೈಸ್ತ ಬೋಧನೆ ಆ ದಾರಿಯನ್ನೂ ಮುಚ್ಚುತ್ತದೆ.

ಕ್ಯಾಥೊಲಿಕ್ ಚರ್ಚ್ 1992ರಲ್ಲಿ ಹೊರತಂದ ಕ್ಯಾಟಕಿಸಂ, ಅಂದರೆ ಧರ್ಮೋಪದೇಶದ ಗ್ರಂಥ, ಸುಳ್ಳು ಸಾಕ್ಷಿಯ ವಿರುದ್ಧದ ಆಜ್ಞೆಯನ್ನು ವಿವರಿಸುವಾಗ ಇನ್ನೊಬ್ಬರ ಹೆಸರು ಕೆಡಿಸುವ ಮೂರು ಬಗೆಗಳನ್ನು ಬೇರೆ ಬೇರೆಯಾಗಿ ಇಡುತ್ತದೆ. ಒಂದು, ಸಾಕಷ್ಟು ಆಧಾರವಿಲ್ಲದೆ ಮನಸ್ಸಿನಲ್ಲೇ ಒಬ್ಬರ ಬಗ್ಗೆ ಕೆಟ್ಟ ತೀರ್ಮಾನಕ್ಕೆ ಬಂದುಬಿಡುವುದು. ಇನ್ನೊಂದು, ಸುಳ್ಳು ಹೇಳಿ ಹೆಸರು ಹಾಳು ಮಾಡುವುದು. ಮತ್ತೊಂದು, ಒಬ್ಬರ ನಿಜವಾದ ದೋಷವನ್ನೇ ಸರಿಯಾದ ಕಾರಣವಿಲ್ಲದೆ ಅದು ಗೊತ್ತಿಲ್ಲದವರಿಗೆ ತಿಳಿಸುವುದು. ಈ ಮೂರನೆಯದೇ ನಮ್ಮ ಕಾಫಿ ಬ್ರೇಕ್.

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಬೇರೆ ಪ್ರಾಜೆಕ್ಟಿನ ಹುಡುಗನೊಬ್ಬ ಒಳ್ಳೆಯ ಗೆಳೆಯನಾಗಿದ್ದ. ಆನ್‌ಲೈನ್ ಬೆಟ್ಟಿಂಗ್‌ನಲ್ಲಿ ದುಡ್ಡು ಕಳೆದುಕೊಂಡು ಸಾಲ ಮಾಡಿಕೊಂಡಿದ್ದ. ಆಮೇಲೆ ಅದನ್ನು ಬಿಟ್ಟು, ತಿಂಗಳು ತಿಂಗಳು ಸಾಲ ತೀರಿಸುತ್ತಿದ್ದ. ಒಂದು ತಿಂಗಳು ಕೈಸಾಲ ಬೇಕಾದಾಗ ತನ್ನ ಟೀಮಿನ ಒಬ್ಬರ ಹತ್ತಿರ ಮಾತ್ರ ಎಲ್ಲವನ್ನೂ ಬಿಚ್ಚಿ ಹೇಳಿದ್ದ. ಟೀಂ ಔಟಿಂಗ್ ಇದ್ದಾಗಲೆಲ್ಲ ಎಲ್ಲರ ದುಡ್ಡು ಒಟ್ಟು ಮಾಡುವ ಕೆಲಸ ಅವನದೇ. ಮುಂದಿನ ಔಟಿಂಗ್‌ಗೆ ಆ ಕೆಲಸ ಬೇರೆಯವರಿಗೆ ಹೋಯಿತು. ಯಾರೂ ಏನೂ ಹೇಳಲಿಲ್ಲ. ಐಪಿಎಲ್ ಮಾತು ಬಂದಾಗ ಎಲ್ಲರೂ ಅವನ ಮುಖ ನೋಡಿ ಸುಮ್ಮನಾಗುತ್ತಿದ್ದರು. ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟ.

ನನಗೆ ಈ ಕತೆ ಗೊತ್ತಾದದ್ದು ಅವನ ಕೊನೆಯ ದಿನ, ಅವನ ಬಾಯಿಂದಲೇ. "ಸುಳ್ಳಾಗಿದ್ರೆ 'ಅಲ್ಲ' ಅಂದುಬಿಡ್ತಿದ್ದೆ. ನಿಜ ಕಣೋ. ಈಗ ಯಾರ ಹತ್ರ ಹೋಗಿ ಏನಂತ ಹೇಳ್ಲಿ?" ಅಂದ.

ಸುಳ್ಳು ಹಬ್ಬಿಸಿದವನು ಮನಸ್ಸು ಬದಲಾದರೆ ವಾಪಸ್ ಬಂದು "ನಾನು ಹೇಳಿದ್ದು ಸುಳ್ಳು" ಅನ್ನಬಹುದು. ನಿಜ ಹಬ್ಬಿಸಿದವನಿಗೆ ಆ ಅವಕಾಶವೂ ಇಲ್ಲ. 16ನೇ ಶತಮಾನದ ರೋಮ್‌ನಲ್ಲಿದ್ದ ಸಂತ ಫಿಲಿಪ್ ನೇರಿಯ ಹೆಸರಲ್ಲಿ ಹೇಳುವ ಒಂದು ಕತೆ ಬಹಳ ಕ್ರೈಸ್ತ ಮನೆಗಳಲ್ಲಿ ಗೊತ್ತು. ಚಾಡಿ ಹೇಳಿದ್ದಕ್ಕೆ ಪ್ರಾಯಶ್ಚಿತ್ತ ಕೇಳಿ ಬಂದ ಹೆಂಗಸಿಗೆ ಅವರು, ಒಂದು ಕೋಳಿ ಕೊಂಡು ಅದರ ಪುಕ್ಕ ಕೀಳುತ್ತಾ ಬೀದಿಯಲ್ಲಿ ನಡೆದು ಬಾ ಅಂದರಂತೆ. ಬಂದ ಮೇಲೆ, ಈಗ ಹೋಗಿ ಎಲ್ಲ ಪುಕ್ಕಗಳನ್ನೂ ಆರಿಸಿಕೊಂಡು ಬಾ ಅಂದರಂತೆ. ನಮ್ಮ ಕಾಲದಲ್ಲಿ ಅದಕ್ಕೆ 'ಡಿಲೀಟ್ ಫಾರ್ ಎವ್ರಿಒನ್' ಬಟನ್ ಇದೆ. ಸ್ಕ್ರೀನ್‌ಶಾಟ್ ತೆಗೆದವನ ಫೋನಿನಲ್ಲಿ ಅದು ಕೆಲಸ ಮಾಡಲ್ಲ.

ಕೇಳುವ ಕಿವಿಗೂ ಪಾಲಿದೆ

"ನಾನೇನೂ ಹೇಳಲಿಲ್ಲಪ್ಪ, ಸುಮ್ನೆ ಕೇಳಿಸ್ಕೊಂಡೆ" ಅನ್ನೋರಿಗೂ ಇಲ್ಲಿ ರಿಯಾಯಿತಿ ಇಲ್ಲ. 13ನೇ ಶತಮಾನದ ಥಾಮಸ್ ಅಕ್ವಿನಾಸ್ ತಮ್ಮ ಸುಮ್ಮಾ ಥಿಯೊಲಾಜಿಯೆ ಗ್ರಂಥದಲ್ಲಿ, ಇನ್ನೊಬ್ಬರ ಬಗ್ಗೆ ಹಿಂದಿನಿಂದ ಆಡುವ ಮಾತನ್ನು ತಡೆಯದೆ ಖುಷಿಯಿಂದ ಕೇಳುವವನೂ ಪಾಪದಲ್ಲಿ ಪಾಲುದಾರ ಅಂತ ವಾದಿಸುತ್ತಾರೆ. ಹಿಂದಿನಿಂದ ಆಡಿಕೊಳ್ಳುವುದಕ್ಕಿಂತ, ಇಬ್ಬರು ಗೆಳೆಯರ ಮಧ್ಯೆ ಚಾಡಿ ಹೇಳಿ ಬೇರೆ ಮಾಡುವುದು ಇನ್ನೂ ದೊಡ್ಡ ತಪ್ಪು ಅನ್ನುವುದು ಅವರ ಲೆಕ್ಕ. ಹೋದ ಗೆಳೆತನಕ್ಕೆ ಸಮನಾದ ವಸ್ತು ಹೊರಗೆ ಸಿಗಲ್ಲ, ಅದಕ್ಕೆ.

ಅವರಿಗಿಂತ ಎಂಟು ಶತಮಾನ ಹಿಂದೆ, ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದಲ್ಲಿ ಬಿಷಪ್ ಆಗಿದ್ದ ಅಗಸ್ಟೀನ್ ಇದಕ್ಕೆ ನೇರ ಉಪಾಯ ಮಾಡಿದ್ದರು. ಇಲ್ಲದವರ ಹೆಸರು ಕೆಡಿಸುವವರಿಗೆ ಇಲ್ಲಿ ಜಾಗವಿಲ್ಲ ಅನ್ನುವ ಅರ್ಥದ ಸಾಲುಗಳನ್ನು ತಮ್ಮ ಊಟದ ಮೇಜಿನ ಮೇಲೆ ಬರೆಸಿದ್ದರು. ಒಮ್ಮೆ ಆಪ್ತ ಬಿಷಪ್ಪರೇ ಊಟಕ್ಕೆ ಕೂತು ಆ ನಿಯಮ ಮರೆತು ಮಾತು ಶುರು ಮಾಡಿದಾಗ, ಒಂದೋ ಆ ಸಾಲುಗಳನ್ನು ಅಳಿಸಬೇಕು, ಇಲ್ಲವೇ ನಾನು ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗಬೇಕು ಅಂತ ಗದರಿದರಂತೆ. ಅವರ ಜೊತೆ ಬದುಕಿದ್ದ, ಅವರ ಜೀವನಚರಿತ್ರೆ ಬರೆದ ಪೊಸಿಡಿಯಸ್ ಇದನ್ನು ದಾಖಲಿಸಿದ್ದಾರೆ. ಅತಿಥಿಗೆ ಬೇಜಾರಾಗಬಹುದು ಅಂತ ಅಗಸ್ಟೀನ್ ಹಿಂಜರಿಯಲಿಲ್ಲ. ನಾವು ಸುಮ್ಮನೆ ಕೇಳುತ್ತಾ ಕೂರುವುದು ಹೆಚ್ಚಾಗಿ ಅದೇ ಕಾರಣಕ್ಕೆ.

ಮೊದಲು ಅವರ ಹತ್ತಿರ ಹೋಗಿ

ಹಾಗಾದರೆ ಯಾರಾದರೂ ತಪ್ಪು ಮಾಡಿದರೆ ಬಾಯಿ ಮುಚ್ಚಿಕೊಂಡಿರಬೇಕಾ? ಇಲ್ಲ. ಇದಕ್ಕೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಒಂದು ಪ್ರೊಸೀಜರ್ ಇದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಎಸ್ಕಲೇಶನ್ ಮ್ಯಾಟ್ರಿಕ್ಸ್. ಮೊದಲ ಹಂತ, ತಪ್ಪು ಮಾಡಿದವನ ಹತ್ತಿರ ಒಬ್ಬನೇ ಹೋಗಿ ಮಾತಾಡು. ಕೇಳದಿದ್ದರೆ ಎರಡನೇ ಹಂತ, ಒಬ್ಬಿಬ್ಬರು ಸಾಕ್ಷಿಗಳ ಜೊತೆ ಹೋಗು. ಆಗಲೂ ಕೇಳದಿದ್ದರೆ ಮಾತ್ರ ಸಭೆಯ ಮುಂದೆ ಇಡು. ಗಾಸಿಪ್ ಮಾಡುವವರು ಇದನ್ನೇ ತಲೆಕೆಳಗು ಮಾಡುತ್ತಾರೆ. ಮೊದಲು ಊರಿಗೆಲ್ಲ ಗೊತ್ತು, ಕೊನೆಗೆ ಸಂಬಂಧಪಟ್ಟವನಿಗೆ.

2020ರ ಸೆಪ್ಟೆಂಬರ್‌ನಲ್ಲಿ, ಜಗತ್ತು ಮಾಸ್ಕ್ ಹಾಕಿಕೊಂಡು ಕೂತಿದ್ದಾಗ, ಪೋಪ್ ಫ್ರಾನ್ಸಿಸ್ ಇದೇ ಭಾಗದ ಮೇಲೆ ಮಾತಾಡಿದರು. ಗಾಸಿಪ್ ಕೋವಿಡ್‌ಗಿಂತ ಕೆಟ್ಟ ಪಿಡುಗು ಅಂತ ಅವರು ಹೇಳಿದ್ದು ಆಗ ದೊಡ್ಡ ಸುದ್ದಿಯಾಯಿತು.

ಈ ಪ್ರೊಸೀಜರನ್ನು ದಿನನಿತ್ಯದ ನಿಯಮ ಮಾಡಿಕೊಂಡ ಒಂದು ಜಾಗ ನನಗೆ ತುಂಬಾ ಇಷ್ಟ. ಡಯಟ್ರಿಕ್ ಬಾನ್‌ಹಾಫರ್ ಜರ್ಮನಿಯ ಪಾದ್ರಿ, ಹಿಟ್ಲರನ ವಿರೋಧಿ, 1945ರ ಏಪ್ರಿಲ್‌ನಲ್ಲಿ ನಾಜಿಗಳು ಗಲ್ಲಿಗೇರಿಸಿದ ವ್ಯಕ್ತಿ. 1935ರಿಂದ ಅವರು ಫಿಂಕೆನ್‌ವಾಲ್ಡೆ ಎಂಬಲ್ಲಿ ಪಾದ್ರಿಗಳಾಗಲಿರುವ ಯುವಕರಿಗೆ ತರಬೇತಿ ನಡೆಸುತ್ತಿದ್ದರು. ಅಲ್ಲಿ ಒಂದು ನಿಯಮ: ಎದುರಿಗಿಲ್ಲದ ಸಹಪಾಠಿಯ ಬಗ್ಗೆ ಮಾತಾಡಬಾರದು. ಬಾಯಿ ತಪ್ಪಿ ಮಾತಾಡಿಬಿಟ್ಟರೆ ಆಮೇಲೆ ಹೋಗಿ ಅವನಿಗೇ ಅದನ್ನು ಹೇಳಬೇಕು. 1937ರಲ್ಲಿ ಗೆಸ್ಟಾಪೊ ಆ ಕೇಂದ್ರವನ್ನು ಮುಚ್ಚಿಸಿತು. ಸರ್ಕಾರವೇ ಕಣ್ಣಿಟ್ಟಿದ್ದ ಆ ಹೊತ್ತಲ್ಲಿ ಒಟ್ಟಿಗೆ ಇದ್ದವರಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಎಷ್ಟು ಬೇಕಿತ್ತು ಅಂತ ಯೋಚಿಸಿ.

ದೂರು ಗಾಸಿಪ್ ಅಲ್ಲ

ಒಂದು ಮಾತನ್ನು ಇಲ್ಲಿ ಹೇಳದೆ ಇದ್ದರೆ ಈ ಬೋಧನೆಯನ್ನೇ ಆಯುಧ ಮಾಡಿಕೊಳ್ಳುವವರಿದ್ದಾರೆ. "ಚರ್ಚಿನ ಮರ್ಯಾದೆ", "ಮನೆ ವಿಷಯ ಬೀದಿಗೆ ತರಬೇಡ", "ಕಂಪನಿ ಹೆಸರು ಕೆಡಿಸಬೇಡ" ಅಂತ ನೊಂದವರ ಬಾಯಿ ಮುಚ್ಚಿಸುವುದು ಹೊಸದೇನಲ್ಲ. ಮಕ್ಕಳ ಮೇಲೆ ದೌರ್ಜನ್ಯ ನಡೆಸಿದ ಪಾದ್ರಿಗಳನ್ನು ಒಂದು ಚರ್ಚಿನಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಕಳಿಸುತ್ತಿದ್ದುದನ್ನು 2002ರಲ್ಲಿ ಬೋಸ್ಟನ್ ಗ್ಲೋಬ್ ಪತ್ರಿಕೆ ಬಯಲಿಗೆಳೆಯಿತು. ಅಲ್ಲಿ ಮಕ್ಕಳನ್ನು ಇನ್ನಷ್ಟು ಅಪಾಯಕ್ಕೆ ತಳ್ಳಿದ್ದು ದೊಡ್ಡವರ ಮೌನ.

ಬೈಬಲ್ಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಇದಕ್ಕೆ ಉತ್ತರ ಇದೆ. ಒಂದೇ ವಚನದ ಮೊದಲರ್ಧ ಜನರ ಮಧ್ಯೆ ಚಾಡಿ ಹೇಳುತ್ತಾ ತಿರುಗಬಾರದು ಅನ್ನುತ್ತದೆ. ಎರಡನೆಯರ್ಧ, ನೆರೆಯವನ ಜೀವ ಅಪಾಯದಲ್ಲಿದ್ದಾಗ ಕೈಕಟ್ಟಿ ನಿಲ್ಲಬಾರದು ಅನ್ನುತ್ತದೆ. ಕ್ಯಾಟಕಿಸಂ ಕೂಡ ತಪ್ಪು ಅನ್ನುವುದು ಸರಿಯಾದ ಕಾರಣವಿಲ್ಲದೆ ಹೇಳುವುದನ್ನು. ಕಾರಣ ಇದ್ದರೆ ಹೇಳಲೇಬೇಕು. ಲೈಂಗಿಕ ಕಿರುಕುಳಕ್ಕೆ ಒಳಗಾದ ಹೆಣ್ಣುಮಗಳು "ಮೊದಲು ಅವನ ಹತ್ರ ಒಬ್ಬಳೇ ಹೋಗಿ ಮಾತಾಡು" ಅನ್ನೋ ಮಾತಿಗೆ ತಲೆ ಕೊಡಬೇಕಾಗಿಲ್ಲ. 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಲ್ಲಿಗೆ ಕೊಟ್ಟ ದೂರು ಗಾಸಿಪ್ ಅಲ್ಲ. ಆ ದೂರಿನ ವಿವರ ಮಾರನೇ ದಿನ ಪ್ಯಾಂಟ್ರಿಯಲ್ಲಿ ಚರ್ಚೆಯಾದರೆ ಅದು ಗಾಸಿಪ್.

ವ್ಯತ್ಯಾಸ ತಿಳಿಯೋಕೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಈ ಮಾತು ಕೇಳುವವರಿಂದ ಆ ಸಮಸ್ಯೆಗೆ ಏನಾದರೂ ಮಾಡೋಕಾಗುತ್ತಾ? ಮ್ಯಾನೇಜರ್, ಸಮಿತಿ, ಡಾಕ್ಟರ್, ಪೊಲೀಸ್, ಮನೆಯ ಹಿರಿಯರು, ಇವರಿಗೆ ಹೇಳುವುದಕ್ಕೆ ಅರ್ಥವಿದೆ. ಪಕ್ಕದ ಡೆಸ್ಕಿನವನಿಂದ ಆಗುವುದೇನೂ ಇಲ್ಲದಿದ್ದರೆ ಅವನಿಗೆ ಹೇಳಬೇಕಾದ್ದೂ ಏನಿಲ್ಲ.

ನಾಳೆಯಿಂದ

ಮೌನವ್ರತ ಮಾಡಿ ಅಂತ ಯಾರೂ ಹೇಳುತ್ತಿಲ್ಲ. ಹರಟೆಯೇ ಇಲ್ಲದ ಆಫೀಸಿನಲ್ಲಿ ಒಂದು ದಿನ ಇರೋದೂ ಕಷ್ಟ. ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಪೌಲ ಕೇಳುವುದು ಕೂಡ ಕೇಳಿದವರಿಗೆ ಒಳ್ಳೆಯದು ಮಾಡುವ, ಸಮಯಕ್ಕೆ ಒದಗುವ ಮಾತನ್ನು. ಹಿಂದಿನಿಂದ ಆಡುವ ಒಳ್ಳೆಯ ಮಾತಿಗೆ ಯಾವ ನಿರ್ಬಂಧವೂ ಇಲ್ಲ. ಇಲ್ಲದವರನ್ನು ಹೊಗಳಿ ನೋಡಿ, ಎರಡು ದಿನದಲ್ಲಿ ಅದು ಅವರ ಕಿವಿಗೂ ಬೀಳುತ್ತೆ.

ಗುಂಪಿನಲ್ಲಿ ಯಾರಾದರೂ ಇಲ್ಲದವರ ವಿಷಯ ತೆಗೆದಾಗ ಉಪದೇಶ ಮಾಡಲು ಹೋಗಬೇಡಿ, ನಾಳೆಯಿಂದ ನಿಮ್ಮದೇ ಗಾಸಿಪ್ ಆಗುತ್ತೆ! ನನಗೆ ಕೆಲಸಕ್ಕೆ ಬಂದಿರುವ ಪ್ರಶ್ನೆ ಒಂದಿದೆ: "ಹೌದಾ? ಅವನನ್ನೇ ಕೇಳಿದ್ಯಾ?" ಅಂತ ಮಾಮೂಲಿ ದನಿಯಲ್ಲಿ ಕೇಳಿ. ಹತ್ತರಲ್ಲಿ ಒಂಬತ್ತು ಸಲ ಅವರು ಕೇಳಿರುವುದಿಲ್ಲ. ಒಂದು ನಿಮಿಷ ಎಲ್ಲರೂ ಸುಮ್ಮನಾಗುತ್ತಾರೆ. ಆಮೇಲೆ ಯಾರೋ ಒಬ್ಬರು, ಮಧ್ಯಾಹ್ನ ಊಟಕ್ಕೆ ಎಲ್ಲಿಗೆ ಹೋಗೋಣ ಅಂತಾರೆ.