ಅಟ್ಟದಿಂದ ಇಳಿದ ಚರಿತ್ರೆ

ವಾಷಿಂಗ್ಟನ್‌ನಲ್ಲಿ ಆಫ್ರಿಕನ್ ಅಮೆರಿಕನ್ನರ ಚರಿತ್ರೆ ಮತ್ತು ಸಂಸ್ಕೃತಿಯ ರಾಷ್ಟ್ರೀಯ ಮ್ಯೂಸಿಯಂ ಕಟ್ಟುವ ಮೊದಲು, ಒಳಗೆ ಏನೇನು ಇಡಬೇಕು ಎಂದು ಜನರನ್ನೇ ಕೇಳಿದರು. ನೋಡಲೇಬೇಕು ಎಂದದ್ದರಲ್ಲಿ ಮೊದಲ ಸ್ಥಾನ ಗುಲಾಮಗಿರಿಗೆ ಸಿಕ್ಕಿತು. ಬೇಡವೇ ಬೇಡ ಎಂದದ್ದರಲ್ಲೂ ಮೊದಲ ಸ್ಥಾನ ಅದಕ್ಕೇ. ಸ್ಥಾಪಕ ನಿರ್ದೇಶಕ ಲಾನಿ ಬಂಚ್ ಇದನ್ನು ಆಮೇಲೆ ಹಲವು ಕಡೆ ಹೇಳಿಕೊಂಡಿದ್ದಾರೆ.

ಸಮೀಕ್ಷೆಯ ಎಡವಟ್ಟು ಎಂದು ತಳ್ಳಿಹಾಕುವ ಹಾಗಿರಲಿಲ್ಲ. ಮುತ್ತಾತನ ಕಾಲಿಗೆ ಹಾಕಿದ್ದ ಕೋಳವನ್ನು ಮೊಮ್ಮಗಳಿಗೆ ಗಾಜಿನ ಪೆಟ್ಟಿಗೆಯಲ್ಲಿ ತೋರಿಸುವುದು ಯಾರಿಗೆ ಹಿತ? ತೋರಿಸದಿದ್ದರೆ ಅಷ್ಟು ದೊಡ್ಡ ಕಟ್ಟಡ ಯಾತಕ್ಕೆ? ಎರಡು ಮಾತನ್ನೂ ಒಬ್ಬರೇ ಆಡಿರಬಹುದು. ಮತ ಎಣಿಸಿ ತೀರ್ಮಾನಿಸುವ ವಿಷಯ ಇದಾಗಿರಲಿಲ್ಲ.

ಈ ಮ್ಯೂಸಿಯಂನ ಬೇಡಿಕೆಗೆ ನೂರು ವರ್ಷದ ವಯಸ್ಸು. ಅಮೆರಿಕದ ಅಂತರ್ಯುದ್ಧ ಮುಗಿದು 50 ವರ್ಷವಾದ ನೆನಪಿಗೆ 1915ರಲ್ಲಿ ಯೋಧರೆಲ್ಲ ರಾಜಧಾನಿಯಲ್ಲಿ ಸೇರಿದ್ದರು. ಆಗ ಕಪ್ಪು ಯೋಧರ ಉಪಚಾರಕ್ಕೆಂದು ಕೂಡಿದ ಸಮಿತಿಯಿಂದ ಒಂದು ಸ್ಮಾರಕದ ಕನಸು ಹುಟ್ಟಿತು. 1929ರಲ್ಲಿ ಕಾಯ್ದೆಯೂ ಆಯಿತು, ದುಡ್ಡು ಬರಲಿಲ್ಲ. ಸಂಸದ ಜಾನ್ ಲೂಯಿಸ್ 1988ರಿಂದ ಮಸೂದೆ ಮಂಡಿಸುತ್ತ, ಅದು ಬಿದ್ದಾಗಲೆಲ್ಲ ಮತ್ತೆ ಮಂಡಿಸುತ್ತ ಬಂದರು. 2003ರ ಡಿಸೆಂಬರಿನಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದರು. 2005ರಲ್ಲಿ ಬಂಚ್ ಕುರ್ಚಿಯಲ್ಲಿ ಕೂತಾಗ ಜಾಗ ಗೊತ್ತಾಗಿರಲಿಲ್ಲ, ಹಣವಿರಲಿಲ್ಲ, ತೋರಿಸಲು ಒಂದು ವಸ್ತುವೂ ಇರಲಿಲ್ಲ.

ಮೊದಲ ವಸ್ತು ಬಂದದ್ದು ಈಕ್ವೆಡಾರ್‌ನಿಂದ. ಹುವಾನ್ ಗಾರ್ಸಿಯಾ ಸಲಾಸಾರ್ ಎಂಬ ಇತಿಹಾಸಕಾರರು ತಮ್ಮ ಅಜ್ಜಿ ದೋಣಿಯಲ್ಲಿ ಕೂರಲು ಬಳಸುತ್ತಿದ್ದ ಮರದ ಪೀಠವನ್ನು ತಂದುಕೊಟ್ಟರು. ಅದರ ಮೇಲೆ ಜೇಡ ಕೆತ್ತಿದೆ, ಪಶ್ಚಿಮ ಆಫ್ರಿಕದ ಕಥೆಗಳಲ್ಲಿ ಬರುವ ಅನಾನ್ಸಿ ಎಂಬ ಚಾಲಾಕಿ ಜೇಡ. ಆ ಕಥೆ ಗುಲಾಮರ ಜತೆಗೇ ಕಡಲು ದಾಟಿ ಅಜ್ಜಿಯ ಪೀಠದವರೆಗೆ ಬಂದಿತ್ತು.

ಉಳಿದದ್ದೆಲ್ಲ ಎಲ್ಲಿದೆ? ಮನೆಮನೆಗಳಲ್ಲಿ ಇರಲೇಬೇಕು ಎಂಬುದು ಬಂಚ್ ಲೆಕ್ಕಾಚಾರ. 2008ರಲ್ಲಿ ಷಿಕಾಗೊದಿಂದ ಶುರುಮಾಡಿ ಊರೂರಿಗೆ ತಜ್ಞರ ತಂಡ ಹೊರಟಿತು. ಹಳೆಯ ಸಾಮಾನು ಇದ್ದರೆ ತನ್ನಿ, ಅದೇನೆಂದು ಹೇಳುತ್ತೇವೆ, ಹಾಳಾಗದಂತೆ ಕಾಪಾಡುವುದು ಹೇಗೆಂದು ಕಲಿಸುತ್ತೇವೆ ಎಂಬ ಆಹ್ವಾನ. ಕೊಡಿ ಎಂದು ಕೇಳಲಿಲ್ಲ. ಇದು ಜಾಣತನವೂ ಹೌದು, ಮರ್ಯಾದೆಯೂ ಹೌದು. ಬಂದವರು ಅಜ್ಜಿಯ ಶಾಲು, ಅಪ್ಪನ ರೈಲ್ವೆ ಟೋಪಿ, ಮಾಸಿದ ಫೋಟೊ ತೆಗೆದು ಮೇಜಿನ ಮೇಲಿಟ್ಟರು. ಇದನ್ನೆಲ್ಲ ಯಾರು ನೋಡುತ್ತಾರೆ ಎಂದು ನಮ್ಮಲ್ಲೂ ಅಟ್ಟಕ್ಕೆ ಹಾಕುವುದಿಲ್ಲವೆ, ಅಂಥವು. ಬಾಗಿಲು ತೆರೆಯುವ ಹೊತ್ತಿಗೆ ಸೇರಿದ್ದ 35,000ಕ್ಕೂ ಹೆಚ್ಚು ವಸ್ತುಗಳಲ್ಲಿ ಶೇ 70ರಷ್ಟು ಅಟ್ಟ, ನೆಲಮಾಳಿಗೆ, ಟ್ರಂಕುಗಳಿಂದಲೇ ಬಂದದ್ದು ಎನ್ನುತ್ತಾರೆ ಬಂಚ್.

ಅವುಗಳಲ್ಲಿ ಒಂದು ತಗಡಿನ ಡಬ್ಬಿ. ಕೈಯಲ್ಲೇ ಮಾಡಿದ್ದು, ಅಂಗೈಯಗಲದ್ದು, ಯಾವ ಚಂದವೂ ಇಲ್ಲ. 1852ರಲ್ಲಿ ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ ಜೋಸೆಫ್ ಟ್ರಾಮೆಲ್ ಎಂಬಾತ ತನ್ನ ಬಿಡುಗಡೆಯ ಕಾಗದವನ್ನು ಮಡಿಸಿ ಇದರಲ್ಲಿಟ್ಟು ಜತೆಯಲ್ಲೇ ಒಯ್ಯುತ್ತಿದ್ದ. ಗುಲಾಮನಲ್ಲದ ಕಪ್ಪು ಮನುಷ್ಯ ಅಲ್ಲಿ ತನ್ನ ಹೆಸರನ್ನು ಕಚೇರಿಯಲ್ಲಿ ನೋಂದಾಯಿಸಬೇಕಿತ್ತು. ಇಂಥ ಕಾಗದಗಳಲ್ಲಿ ಎತ್ತರ, ಮೈಬಣ್ಣ, ಮೈಮೇಲಿನ ಗಾಯದ ಗುರುತು ಎಲ್ಲ ಬರೆದಿರುತ್ತಿದ್ದರು. ಬಿಳಿಯನೊಬ್ಬ ದಾರಿಯಲ್ಲಿ ತಡೆದು ಕೇಳಿದಾಗ ತೋರಿಸಲು ಅದು ಇಲ್ಲದಿದ್ದರೆ ಸ್ವಾತಂತ್ರ್ಯವೂ ಇಲ್ಲ. ಬೆವರಿಗೂ ಮಳೆಗೂ ಕಾಗದ ಹಾಳಾಗಬಾರದೆಂದೇ ಈ ಡಬ್ಬಿ. ಟ್ರಾಮೆಲ್ ವಂಶದವರು ಅದನ್ನು ತಲೆಮಾರುಗಳ ಕಾಲ ಜೋಪಾನ ಮಾಡಿದ್ದರು. ಯಾವ ಸಮೀಕ್ಷೆಯಲ್ಲೂ ಯಾರೂ ತಗಡಿನ ಡಬ್ಬಿ ಬೇಕೆಂದು ಬರೆದಿರಲಾರರು.

ಹ್ಯಾರಿಯೆಟ್ ಟಬ್‌ಮನ್ ಕಥೆ ಬೇರೆ. ಆಕೆಯನ್ನು ಎಲ್ಲರೂ ಕೇಳುತ್ತಿದ್ದರು. ತಾನು ಓಡಿಹೋಗಿ ಪಾರಾದ ಮೇಲೆ ಮತ್ತೆ ಮತ್ತೆ ಹಿಂದಿರುಗಿ ಇತರರನ್ನು ಬಿಡಿಸಿಕೊಂಡು ಹೋದ ಹೆಣ್ಣು. ಫಿಲಡೆಲ್ಫಿಯಾದ ಪುಸ್ತಕ ಸಂಗ್ರಾಹಕ ಚಾರ್ಲ್ಸ್ ಬ್ಲಾಕ್ಸನ್ ತಮ್ಮಲ್ಲಿ ಆಕೆಯ ಕೆಲವು ವಸ್ತುಗಳಿವೆ ಎಂದಾಗ ಬಂಚ್ ಅಷ್ಟಾಗಿ ನಂಬದೆಯೇ ಹೋದರಂತೆ. ಪೆಟ್ಟಿಗೆಯಿಂದ ಆಕೆಯ ಶವಯಾತ್ರೆಯ ಫೋಟೊಗಳು ಬಂದವು, ಆಮೇಲೆ ಪ್ರಾರ್ಥನೆಯ ಹಾಡುಗಳ ಪುಸ್ತಕ, ವಿಕ್ಟೋರಿಯಾ ರಾಣಿ ಕಳಿಸಿದ್ದ ರೇಷ್ಮೆ ಲೇಸಿನ ಶಾಲು. ಕೋಣೆಯಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರು ಎಂದು ಬಂಚ್ ನೆನೆಯುತ್ತಾರೆ. 2010ರಲ್ಲಿ ಬ್ಲಾಕ್ಸನ್ ಅವನ್ನೆಲ್ಲ ಮ್ಯೂಸಿಯಂಗೆ ಒಪ್ಪಿಸಿದರು.

ಇನ್ನು ಗುಲಾಮಗಿರಿಯನ್ನು ತೋರಿಸಬೇಕೆ ಬೇಡವೆ ಎಂಬ ಆ ಕಠಿಣ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟದ್ದು ಕಟ್ಟಡ. ಡೇವಿಡ್ ಅಜಾಯೆ ನೇತೃತ್ವದ ವಾಸ್ತುಶಿಲ್ಪಿಗಳು ಅದರ ಅರ್ಧಕ್ಕಿಂತ ಹೆಚ್ಚು ಭಾಗವನ್ನು ನೆಲದಡಿಗೆ ಇಳಿಸಿದರು. ಮೇಲೆ ಕಾಣುವುದು ಕಂಚಿನ ಬಣ್ಣದ ಮೂರು ಹಂತದ ಕಿರೀಟ. ಒಳಗಿನ ಲಿಫ್ಟ್ ಕೆಳಗಿಳಿಯುತ್ತ ಗೋಡೆಯ ಮೇಲಿನ ಇಸವಿಗಳು ಹಿಂದಕ್ಕೆ ಸರಿಯುತ್ತವೆ; ಹೊರಬಂದರೆ 15ನೇ ಶತಮಾನ. ಇಕ್ಕಟ್ಟು, ಮಬ್ಬು ಬೆಳಕು. ಅಲ್ಲಿ ತುಕ್ಕು ಹಿಡಿದ ಕಬ್ಬಿಣದ ಗಟ್ಟಿಗಳಿವೆ. 1794ರ ಡಿಸೆಂಬರಿನಲ್ಲಿ ಕೇಪ್‌ಟೌನ್ ಬಳಿ ಬಂಡೆಗೆ ಬಡಿದು ಮುಳುಗಿದ ಸಾವೊ ಜೋಸೆ ಎಂಬ ಪೋರ್ಚುಗೀಸ್ ಹಡಗಿನವು. ಮೊಜಾಂಬಿಕ್‌ನಲ್ಲಿ ಹತ್ತಿಸಿಕೊಂಡ 500ಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು, ಬದುಕಿ ದಡ ಸೇರಿದವರನ್ನು ಮತ್ತೆ ಮಾರಿದರು. ಸರಕಿಗಿಂತ ಮನುಷ್ಯರ ಮೈ ಹಗುರ, ಹಡಗು ತೂಗಾಡದಿರಲಿ ಎಂದು ಈ ಗಟ್ಟಿಗಳನ್ನು ತಳಕ್ಕೆ ತುಂಬುತ್ತಿದ್ದರು. ಯಲ್ಲಾಪುರ, ಹಳಿಯಾಳದ ಕಾಡಂಚಿನ ನಮ್ಮ ಸಿದ್ದಿಗಳಲ್ಲಿ ಅನೇಕರ ಪೂರ್ವಿಕರೂ ಇದೇ ಮೊಜಾಂಬಿಕ್ ಕಡೆಯಿಂದ ಪೋರ್ಚುಗೀಸರ ಕೈಯಲ್ಲಿ ಗೋವಾಕ್ಕೆ ಬಂದವರು. ಅವರ ಹಡಗುಗಳ ಗಟ್ಟಿಗಳನ್ನು ಹುಡುಕಿ ನಮ್ಮ ಯಾವ ಮ್ಯೂಸಿಯಮ್ಮೂ ಹೋದದ್ದು ಕಾಣೆ.

ಮಕ್ಕಳ ಅಳತೆಯ ಕೋಳವೂ ಅಲ್ಲಿದೆ. ಮೇರಿಲ್ಯಾಂಡ್‌ನಿಂದ ತಂದ, ಗುಲಾಮರನ್ನು ನಿಲ್ಲಿಸಿ ಹರಾಜು ಹಾಕುತ್ತಿದ್ದ ಕಲ್ಲೂ ಇದೆ. 1830ರಲ್ಲಿ ಆಂಡ್ರ್ಯೂ ಜಾಕ್ಸನ್, ಹೆನ್ರಿ ಕ್ಲೇ ಇದರ ಮೇಲೆ ನಿಂತು ಭಾಷಣ ಮಾಡಿದರು ಎಂದು ಅದಕ್ಕೊಂದು ಫಲಕ ಕೂರಿಸಿದ್ದರು. ಆ ಕಲ್ಲು ಹತ್ತಿ ಮಾರಾಟವಾದವರ ಒಂದು ಹೆಸರೂ ಫಲಕದಲ್ಲಿ ಇಲ್ಲ. ಮ್ಯೂಸಿಯಂನವರು ಕಲ್ಲನ್ನು ಫಲಕದ ಕಥೆಯ ಸಮೇತ ಇಟ್ಟರು. ಒಳ್ಳೆಯ ಕೆಲಸ.

ಅಲ್ಲಿಂದ ಇಳಿಜಾರು ದಾರಿಯಲ್ಲಿ ಹತ್ತುತ್ತ ಹೋಗಬೇಕು. ಕಪ್ಪು-ಬಿಳಿಯರಿಗೆ ಬೇರೆಬೇರೆ ಭಾಗ ಮಾಡಿದ್ದ ಸದರ್ನ್ ರೈಲ್ವೆಯ 1200 ನಂಬರಿನ ಬೋಗಿ ಸಿಗುತ್ತದೆ. ಬಾಗಿಲಲ್ಲಿ ತೂರಿಸುವ ವಸ್ತುವೇ ಅದು? 2013ರಲ್ಲೇ ಕ್ರೇನಿನಿಂದ ಗುಂಡಿಗೆ ಇಳಿಸಿ, ಸುತ್ತ ಕಟ್ಟಡ ಎಬ್ಬಿಸಿದರು. ಕೊನೆಗೆ ಮೇಲಿನ ಅಂತಸ್ತುಗಳಲ್ಲಿ ಹಾಡು, ಆಟ, ಕುಣಿತ: ಚಕ್ ಬೆರಿಯ ಕೆಂಪು ಕ್ಯಾಡಿಲಾಕ್ ಕಾರು, ಮಹಮ್ಮದ್ ಅಲಿ ಅಭ್ಯಾಸಕ್ಕೆ ಧರಿಸಿದ ಶಿರಸ್ತ್ರಾಣ. ಗುಲಾಮಗಿರಿ ಬೇಡ ಎಂದವರೂ ಇಲ್ಲಿಗೆ ಬರಬೇಕಾದರೆ ಕೆಳಗಿನಿಂದ ಹತ್ತಿಯೇ ಬರಲಿ ಎಂಬ ಹಟ ಆ ದಾರಿಯ ಯೋಜನೆಯಲ್ಲಿ ನನಗೆ ಕಾಣುತ್ತದೆ.

ಬಂಚ್ ಬಹಳ ಹಿಂದೆಮುಂದೆ ನೋಡಿದ್ದು ಒಂದು ಶವಪೆಟ್ಟಿಗೆಯ ಬಗ್ಗೆ. 1955ರಲ್ಲಿ ಮಿಸಿಸಿಪಿಯಲ್ಲಿ ಬಿಳಿಯರು ಕೊಂದ 14 ವರ್ಷದ ಹುಡುಗ ಎಮೆಟ್ ಟಿಲ್‌ನದು. ಮಗನ ಮುಖವನ್ನು ಎಲ್ಲರೂ ನೋಡಲಿ ಎಂದು ತಾಯಿ ಅಂದು ಪೆಟ್ಟಿಗೆ ತೆರೆದೇ ಇಡಿಸಿದ್ದಳು. 2005ರಲ್ಲಿ ತನಿಖೆಗೆಂದು ಶವ ಹೊರತೆಗೆದಾಗ ಪೆಟ್ಟಿಗೆ ಬದಲಾಯಿತು; ಹಳೆಯದು ಸ್ಮಶಾನದ ಶೆಡ್ಡಿನಲ್ಲಿ ಹಾಳುಬಿದ್ದಿತ್ತು. ಕುಟುಂಬ ಅದನ್ನು ಕೊಟ್ಟಿತು. ಈಗ ಅದಕ್ಕೇ ಒಂದು ಪ್ರತ್ಯೇಕ ಕೋಣೆ, ಫೋಟೊ ತೆಗೆಯುವಂತಿಲ್ಲ.

2016ರ ಸೆಪ್ಟೆಂಬರ್ 24ರಂದು ಬರಾಕ್ ಒಬಾಮ ಉದ್ಘಾಟಿಸಿದ ಮೇಲೂ ಜನರ ಪಟ್ಟಿ ಮುಗಿಯಲಿಲ್ಲ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್‌ಗೆ ಜಾಗವಿಲ್ಲವೇಕೆ ಎಂದು ಬಲಪಂಥೀಯರು ಗದ್ದಲ ಎಬ್ಬಿಸಿದರು, ಮರುವರ್ಷ ಸೇರಿಸಿದರು. ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ನಟ ಬಿಲ್ ಕಾಸ್ಬಿಯನ್ನು ತೆಗೆಯಿರಿ ಎಂದು ಇನ್ನು ಕೆಲವರು. ತೆಗೆಯಲಿಲ್ಲ, ಆರೋಪವನ್ನೂ ವಿವರಣೆಯಲ್ಲಿ ಬರೆದರು. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ ಈ ಮ್ಯೂಸಿಯಂನ ಹೆಸರೆತ್ತಿಯೇ ಟೀಕಿಸಿತು. ಏನಿಡಬೇಕೆಂಬ ಪ್ರಶ್ನೆಗೆ ಈಗ ಶ್ವೇತಭವನವೂ ಉತ್ತರ ಹೇಳತೊಡಗಿದೆ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಹಿರಿಯರು ವಾಷಿಂಗ್ಟನ್‌ನಲ್ಲಿ ಶ್ವೇತಭವನ, ವಿಮಾನಗಳ ಮ್ಯೂಸಿಯಂ ನೋಡಿ ಮುಗಿಸುವುದೇ ಹೆಚ್ಚು. ಇದು ವಾಷಿಂಗ್ಟನ್ ಸ್ಮಾರಕಸ್ತಂಭದ ಪಕ್ಕದಲ್ಲೇ ಇದೆ, ಟಿಕೆಟ್ ಇಲ್ಲ. ಹೊತ್ತು ಗೊತ್ತುಮಾಡಿದ ಉಚಿತ ಪಾಸ್ ಮೊದಲೇ ಪಡೆಯುವುದು ಒಳ್ಳೆಯದು. ಮಂಡಿನೋವಿನವರೂ ಲಿಫ್ಟಿನಲ್ಲಿ ಮೊದಲು ತಳಕ್ಕೇ ಹೋಗಲಿ. ಇಡೀ ದಿನ ಬೇಕು. ನಡುವೆ ಹಸಿವಾದರೆ ಒಳಗೇ ಸ್ವೀಟ್ ಹೋಮ್ ಕೆಫೆ ಇದೆ, ದಕ್ಷಿಣದ ಹೊಲಗಳಿಂದ ಪಶ್ಚಿಮದ ಹುಲ್ಲುಗಾವಲಿನವರೆಗೆ ಕಪ್ಪು ಜನರ ಅಡುಗೆ ಅಲ್ಲಿ ಸಿಗುತ್ತದೆ. ಸಸ್ಯಾಹಾರಿಗಳು ಮಾತ್ರ ಬಡಿಸಿಕೊಳ್ಳುವ ಮುನ್ನ ಕೇಳಿಕೊಳ್ಳಬೇಕು.