ಹನ್ನೊಂದು ಮಂದಿಯನ್ನು ಆರಿಸುವ ವಿಚಾರ

ಕ್ರಿಕೆಟ್ ಆಟವನ್ನು ಮೆಚ್ಚುವವರಿಗೆ ಪಂದ್ಯವಿಲ್ಲದ ದಿನಗಳಲ್ಲಿಯೂ ಒಂದು ಆಟವುಂಟು. ಹಿಂದಿನವರು ಇಂದಿನವರು ಎಂಬ ಭೇದವನ್ನೆಣಿಸದೆ, ಎಲ್ಲ ಕಾಲದ ಆಟಗಾರರಲ್ಲಿಯೂ ಅತಿ ಶ್ರೇಷ್ಠರಾದ ಹನ್ನೊಂದು ಮಂದಿಯನ್ನು ಆರಿಸಿ, ಎಂದೂ ಒಂದು ಕಡೆ ಕೂಡದ ಮತ್ತು ಎಂದೂ ಬಯಲಿಗಿಳಿಯಲಾರದ ಒಂದು ತಂಡವನ್ನು ಕಾಗದದ ಮೇಲೆ ಕಟ್ಟುವುದೇ ಆ ಆಟವು. ಮನೆಯ ಜಗಲಿಯಲ್ಲಿ, ಕಾಫಿ ಹೋಟೆಲಿನಲ್ಲಿ, ಅರಸೀಕೆರೆಯ ನಿಲ್ದಾಣದಲ್ಲಿ ಗಾಡಿಗಾಗಿ ಕಾಯುವ ಹೊತ್ತಿನಲ್ಲಿ ಇದು ನಡೆಯುವುದುಂಟು. ಇದಕ್ಕಾಗಿ ಊಟದ ಎಲೆಯ ಮುಂದೆ ಕುಳಿತೂ ವಾದಿಸುವ ಅಣ್ಣತಮ್ಮಂದಿರನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಕಂಡಿರಬಹುದು. ಹುಡುಗಿಯರ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಈ ಮಾತೇಕೆಂದು ಕೆಲವರು ಕೇಳಬಹುದಾದರೂ, ಓದುತ್ತ ಹೋದರೆ ಕಾರಣವು ತಾನಾಗಿಯೇ ಸ್ಫುಟವಾಗುವುದು.

ಶ್ರೇಷ್ಠವಾದುದನ್ನು ಆರಿಸುವ ಕಾರ್ಯದಲ್ಲಿ ಏನೇನು ಬಿಟ್ಟುಹೋಗುವುದೆಂಬುದನ್ನು ಬಸ್ತಿಹಳ್ಳಿಯ ಸೀಮೆಯವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಬೇಲೂರು ಮೇಲೋ ಹಳೇಬೀಡು ಮೇಲೋ ಎಂದು ಪ್ರವಾಸಿಗಳು ಚರ್ಚಿಸುವರು. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಈ ಚರ್ಚೆಯು ಹೆಚ್ಚಿದೆ. ಆದರೆ ಹೊಯ್ಸಳೇಶ್ವರನ ಗುಡಿಯಿಂದ ಸ್ವಲ್ಪವೇ ದೂರದಲ್ಲಿ ಬಸ್ತಿಹಳ್ಳಿಯ ಮೂರು ಬಸದಿಗಳಿರುವುವು. ಗಂಗರಾಜ ದಂಡನಾಯಕನ ಮಗನಾದ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಒಳಗಣ ಕಂಬಗಳಲ್ಲಿ ಇಂದಿಗೂ ಮುಖವು ಕನ್ನಡಿಯಲ್ಲಿ ಕಂಡಂತೆ ಕಾಣುವುದು. ಹೊರಗೋಡೆಯು ಸಾದಾ ಆಗಿರುವುದರಿಂದ ಬಂದವರಲ್ಲಿ ಬಹು ಮಂದಿ ಒಳಹೊಕ್ಕು ನೋಡದೆಯೇ ಹಿಂದಿರುಗುವರು. ಕ್ರಿಕೆಟ್ ತಂಡವನ್ನು ಆರಿಸುವವರಲ್ಲಿಯೂ ಇಂಥ ಪ್ರವಾಸಿಗಳು ಬಹಳ.

ಲೋಕಪ್ರಸಿದ್ಧವಾದ ಎರಡು ಆಯ್ಕೆಗಳನ್ನು ಒಟ್ಟಿಗಿಟ್ಟು ನೋಡಿದರೆ ಇದು ತಿಳಿಯುವುದು. 2011ರ ಜುಲೈಯಲ್ಲಿ ಭಾರತಕ್ಕೂ ಇಂಗ್ಲೆಂಡಿಗೂ ಲಾರ್ಡ್ಸ್ ಬಯಲಿನಲ್ಲಿ ನಡೆದ ಪಂದ್ಯವು ಟೆಸ್ಟ್ ಪಂದ್ಯಗಳಲ್ಲಿ 2000ನೆಯದಾಗಿತ್ತು. ಆ ಸಂದರ್ಭದಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯವರು ಸಾರ್ವಜನಿಕರ ಮತಗಳಿಂದ ಸಾರ್ವಕಾಲಿಕ ತಂಡವೊಂದನ್ನು ಆರಿಸಲು, ಅದರಲ್ಲಿ ಸೆಹವಾಗ್, ಗಾವಸ್ಕರ್, ತೆಂಡೂಲ್ಕರ್, ಕಪಿಲ್ ದೇವ್ ಎಂಬ ನಾಲ್ವರು ಭಾರತೀಯರು ಬಂದರು. ಎರಡೇ ವರ್ಷಗಳ ತರುವಾಯ ವಿಸ್ಡನ್ ಎಂಬ ವಾರ್ಷಿಕ ಗ್ರಂಥವು ತನ್ನ 150ನೆಯ ಸಂಪುಟದ ನಿಮಿತ್ತ ಆರಿಸಿದ ತಂಡದಲ್ಲಿ ಭಾರತೀಯರಲ್ಲಿ ತೆಂಡೂಲ್ಕರ್ ಒಬ್ಬರೇ. ಹತ್ತೊಂಬತ್ತನೆಯ ಶತಮಾನದ ಡಬ್ಲ್ಯು. ಜಿ. ಗ್ರೇಸ್ ಅವರಿಗೂ ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಆಡಿದ ಸಿಡ್ನಿ ಬಾರ್ನ್ಸ್ ಅವರಿಗೂ ಅದರಲ್ಲಿ ಸ್ಥಳವುಂಟು. ಜನರು ತಾವು ಕಣ್ಣಾರೆ ಕಂಡವರಿಗೆ ಮತವಿತ್ತರು. ಗ್ರಂಥದವರು ಗ್ರಂಥಗಳನ್ನು ನೋಡಿದರು. ಎರಡು ತಂಡಗಳಲ್ಲಿಯೂ ಕರ್ನಾಟಕದವರೊಬ್ಬರೂ ಇಲ್ಲ. ಇದನ್ನು ಕಂಡು ನಾವು ನೊಂದುಕೊಳ್ಳುವುದಿಲ್ಲವೆಂದು ಹೇಳಲಾರೆವು. ಅದು ಕಾರಣ ನಮ್ಮ ನಾಡಿನ ತಂಡವನ್ನು ನಾವೇ ಕಟ್ಟಿ ನೋಡೋಣ.

ಮೊದಲು ನಿಯಮವನ್ನು ಗೊತ್ತುಮಾಡಿಕೊಳ್ಳಬೇಕು. ಹುಟ್ಟಿದ ಊರನ್ನೇ ಪ್ರಮಾಣವಾಗಿಟ್ಟುಕೊಂಡರೆ ಇಂದೂರಿನಲ್ಲಿ ಹುಟ್ಟಿದ ರಾಹುಲ್ ದ್ರಾವಿಡ್ ಅವರನ್ನೂ ಮದರಾಸಿನಲ್ಲಿ ಹುಟ್ಟಿದ ಸೈಯದ್ ಕಿರ್ಮಾನಿ ಅವರನ್ನೂ ಬಿಡಬೇಕಾಗುವುದು. ಇದು ಯಾರಿಗೂ ಒಪ್ಪಿಗೆಯಾಗಲಾರದು. ಆದುದರಿಂದ ಮೈಸೂರು ತಂಡಕ್ಕಾಗಲಿ, 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕ ತಂಡಕ್ಕಾಗಲಿ ಆಡಿದವರೆಲ್ಲರೂ ನಮ್ಮವರೇ ಎಂದೆಣಿಸುವೆವು.

ಹಳಬರಿಂದಲೇ ಪ್ರಾರಂಭಿಸುವುದು ನ್ಯಾಯ, ಮತ್ತು ಕಷ್ಟವು ಇಲ್ಲಿಯೇ ತಲೆದೋರುವುದು. ರಣಜಿ ಪಂದ್ಯಾವಳಿಯ ಮೊತ್ತಮೊದಲನೆಯ ಪಂದ್ಯವು 1934ರ ನವೆಂಬರ್ 4ರಂದು ಮದರಾಸಿನ ಚೆಪಾಕಿನಲ್ಲಿ ನಡೆಯಿತು. ಆಡಿದವರು ಮದರಾಸು ಮತ್ತು ಮೈಸೂರಿನವರು. ಮೈಸೂರಿನವರು 48 ಮತ್ತು 59 ಓಟಗಳಿಗೆ ಮುಗಿದು, ಒಂದೇ ದಿನದಲ್ಲಿ ಇನಿಂಗ್ಸ್ ಸೋಲನ್ನು ಅನುಭವಿಸಿ ಮನೆಗೆ ಬಂದರು. 1945–46ರಲ್ಲಿ ಇಂದೂರಿನಲ್ಲಿ ಹೋಳ್ಕರ್ ತಂಡದವರು ಇದೇ ಮೈಸೂರಿನ ಮೇಲೆ 8 ವಿಕೆಟ್ಟುಗಳಿಗೆ 912 ಓಟಗಳನ್ನು ಕೂಡಿಸಿದರು. ಆರು ಮಂದಿ ಶತಕ ಹೊಡೆದರು. ಆ ಇನಿಂಗ್ಸಿನಲ್ಲಿ ನಮ್ಮ ಬಿ. ಕೆ. ಗರುಡಾಚಾರ್ ಅವರು ನಾಲ್ಕು ವಿಕೆಟ್ ತೆಗೆದು 301 ಓಟಗಳನ್ನು ಕೊಟ್ಟರು. ಲೆಕ್ಕವನ್ನು ಮಾತ್ರ ನೋಡುವವನು ಈ ಸಂಖ್ಯೆಯನ್ನು ಕಂಡು ನಗುವನು. ಸೋತು ಸುಣ್ಣವಾಗುತ್ತಿರುವ ತಂಡಕ್ಕಾಗಿ ಬಿಸಿಲಿನಲ್ಲಿ ಮುನ್ನೂರು ಓಟಗಳಾಗುವ ತನಕ ಚೆಂಡೆಸೆಯುತ್ತಲೇ ಇದ್ದ ಮನುಷ್ಯನು ಎಂಥವನಾಗಿರಬೇಕೆಂದು ನಾವಂತೂ ಯೋಚಿಸುವೆವು. 2016ರಲ್ಲಿ ತೊಂಬತ್ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡ ಅವರು ಭಾರತದ ಪರವಾಗಿ ಒಂದು ಟೆಸ್ಟನ್ನೂ ಆಡಲಿಲ್ಲ. ಅವರನ್ನು ತಂಡಕ್ಕೆ ಸೇರಿಸುವ ಧೈರ್ಯವು ನಮಗಿಲ್ಲವಾದರೂ ಹೆಸರನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಬ್ಯಾಟು ಹಿಡಿಯುವವರಲ್ಲಿ ಎರಡು ಸ್ಥಳಗಳ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲ. ಮೂರನೆಯ ಸ್ಥಳವು ದ್ರಾವಿಡ್ ಅವರದು: 164 ಟೆಸ್ಟುಗಳು, 13,288 ಓಟಗಳು, 36 ಶತಕಗಳು. ನಾಲ್ಕನೆಯದು ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ ಅವರದು. ಮೈಸೂರಿಗಾಗಿ 1967ರಲ್ಲಿ ಆಡಿದ ಮೊದಲನೆಯ ಪಂದ್ಯದಲ್ಲಿಯೇ 230 ಓಟಗಳು. 1969ರಲ್ಲಿ ಕಾನ್ಪುರದಲ್ಲಿ ಆಡಿದ ಮೊದಲನೆಯ ಟೆಸ್ಟಿನಲ್ಲಿ ಒಂದು ಸಲ ಸೊನ್ನೆ, ಮರುಸಲ 137. ಅವರ 91 ಟೆಸ್ಟುಗಳ 6,080 ಓಟಗಳು ದ್ರಾವಿಡ್ ಅವರ ಓಟಗಳ ಅರ್ಧವೂ ಇಲ್ಲ. ಹಾಗಿದ್ದರೂ ಹಿರಿಯರು ವಿಶ್ವನಾಥರ ಹೆಸರನ್ನೇ ಮೊದಲು ಏಕೆ ಹೇಳುವರು? 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು ಭಾರತವನ್ನು 190ಕ್ಕೆ ಮುಗಿಸಿದಾಗ ಅದರಲ್ಲಿ 97 ಓಟಗಳು ಔಟಾಗದೆ ಉಳಿದ ವಿಶ್ವನಾಥರವು. ಶತಕವೆಂದು ಲೆಕ್ಕಕ್ಕೆ ಬಾರದ ಈ ಆಟವನ್ನು ಜನರು ಅನೇಕ ಶತಕಗಳಿಗಿಂತ ಮೇಲೆಂದು ನೆನೆಯುವರು. ಆ ಪಂದ್ಯವನ್ನು ಭಾರತವು ಗೆದ್ದಿತು. 1980ರ ಬೊಂಬಾಯಿಯ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ ನಾಯಕರಾಗಿದ್ದ ಅವರು, ಔಟೆಂದು ತೀರ್ಪಾಗಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರ ಬ್ಯಾಟಿಗೆ ಚೆಂಡು ತಾಕಲಿಲ್ಲವೆಂದು ತಿಳಿದು ಅವರನ್ನು ಹಿಂದಕ್ಕೆ ಕರೆಸಿದರು. ಟೇಲರ್ ಉಳಿದು ಆಡಿದರು; ಭಾರತವು ಸೋತಿತು. ಇಂಥ ಕಾರ್ಯವು ಯಾವ ಪಟ್ಟಿಯ ಯಾವ ಅಂಕಣದಲ್ಲಿಯೂ ಬರುವುದಿಲ್ಲ.

ಚೆಂಡನ್ನು ತಿರುಗಿಸುವವರ ವಿಷಯದಲ್ಲಿ ನಮ್ಮ ಕಷ್ಟವು ಶ್ರೀಮಂತರ ಕಷ್ಟದಂತೆ ಇರುವುದು. ಒಂದು ತಂಡದಲ್ಲಿ ಸಾಮಾನ್ಯವಾಗಿ ಇಬ್ಬರು ಸ್ಪಿನ್ ಬೌಲರುಗಳಿಗೆ ಸ್ಥಳವುಂಟು. ನಮ್ಮಲ್ಲಿ ಬಿಡಲಾಗದವರು ಮೂವರಿದ್ದಾರೆ. ಇ. ಎ. ಎಸ್. ಪ್ರಸನ್ನ ಅವರು 1962ರಲ್ಲಿ ಟೆಸ್ಟ್ ಆಟಕ್ಕೆ ಕಾಲಿಟ್ಟು, ಮೈಸೂರಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಸುಮಾರು ಐದು ವರ್ಷ ಹಿಂದುಳಿದು, ಆಮೇಲೆ ಬಂದು 49 ಟೆಸ್ಟುಗಳಲ್ಲಿ 189 ವಿಕೆಟ್ ತೆಗೆದರು. ಮಗಳ ಓದಿಗೂ ಆಟಕ್ಕೂ ಆಗಿಬರುವುದಿಲ್ಲವೆನ್ನುವ ತಂದೆತಾಯಿಗಳು ಈ ಸಂಗತಿಯನ್ನು ಗಮನಿಸಲಿ. ಮೈಸೂರಿನ ಬಿ. ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲಿ ಪೋಲಿಯೋ ಬೇನೆಯಿಂದ ಸೊರಗಿಹೋಗಿತ್ತು. ಅದೇ ಕೈಯಿಂದ 1971ರ ಆಗಸ್ಟಿನಲ್ಲಿ ಓವಲ್ ಬಯಲಿನಲ್ಲಿ 38 ಓಟಗಳಿಗೆ ಆರು ವಿಕೆಟ್ ತೆಗೆಯಲು, ಭಾರತವು ಇಂಗ್ಲೆಂಡಿನ ನೆಲದಲ್ಲಿ ಮೊದಲನೆಯ ಟೆಸ್ಟ್ ಜಯವನ್ನು ಪಡೆಯಿತು. ಅವರು ಟೆಸ್ಟಿನಲ್ಲಿ ತೆಗೆದ ವಿಕೆಟ್ಟುಗಳು 242. ಹೊಡೆದ ಓಟಗಳು 167! ಅನಿಲ್ ಕುಂಬ್ಳೆ ಅವರು 132 ಟೆಸ್ಟುಗಳಲ್ಲಿ 619 ವಿಕೆಟ್ ತೆಗೆದವರು. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತು ವಿಕೆಟ್ಟುಗಳನ್ನೂ 74 ಓಟಗಳಿಗೆ ತಾವೊಬ್ಬರೇ ತೆಗೆದರು.

ಆ ದಿನ ಕುಂಬ್ಳೆಯವರಿಗೆ ಒಂಬತ್ತು ವಿಕೆಟ್ ದೊರೆತ ಮೇಲೆ ಇನ್ನೊಂದು ಕೊನೆಯಿಂದ ಜಾವಗಲ್ ಶ್ರೀನಾಥ್ ಅವರು, ಹತ್ತನೆಯದು ತಮಗೆ ಸಿಕ್ಕಿಬಿಡಬಾರದೆಂದು ಚೆಂಡುಗಳನ್ನು ಬೇಕೆಂತಲೇ ವಿಕೆಟ್ಟಿನಿಂದ ಹೊರಹೊರಗೆ ಎಸೆದರು. ಹಳೇಬೀಡಿಗೆ ಸಮೀಪವಾದ ಜಾವಗಲ್ಲಿನ ಹೆಸರು ಇವರಿಂದ ಲೋಕಕ್ಕೆಲ್ಲ ತಿಳಿಯಿತು. ಇವರು ಹುಟ್ಟಿದ್ದು ಮಾತ್ರ ಮೈಸೂರಿನಲ್ಲಿ. 67 ಟೆಸ್ಟುಗಳಲ್ಲಿ 236 ವಿಕೆಟ್ ಪಡೆದ ಇವರ ಸ್ಥಳವೂ ನಿಶ್ಚಿತ. ನಮ್ಮ ಸೀಮೆಯವರೇ ಆದ ಇನ್ನೊಬ್ಬರನ್ನು ಇಲ್ಲಿ ನೆನೆಯಬೇಕು. ಡೇವಿಡ್ ಜಾನ್ಸನ್ ಅವರು ಅರಸೀಕೆರೆಯಲ್ಲಿ 1971ರಲ್ಲಿ ಹುಟ್ಟಿ, ಬಹು ವೇಗವಾಗಿ ಚೆಂಡೆಸೆಯುವವರೆಂದು ಹೆಸರಾಗಿ, 1996ರಲ್ಲಿ ದೆಹಲಿಯಲ್ಲೊಂದು, ಡರ್ಬನ್ನಿನಲ್ಲೊಂದು, ಹೀಗೆ ಎರಡೇ ಟೆಸ್ಟುಗಳನ್ನಾಡಿ ಮೂರು ವಿಕೆಟ್ ಪಡೆದರು. 2024ರ ಜೂನಿನಲ್ಲಿ ತೀರಿಕೊಂಡರು. ಯಾರ ಸಾರ್ವಕಾಲಿಕ ತಂಡದಲ್ಲಿಯೂ ಅವರ ಹೆಸರಿಲ್ಲ, ನಮ್ಮದರಲ್ಲಿಯೂ ಇಲ್ಲ. ಆದರೆ ಅರಸೀಕೆರೆಯ ಹುಡುಗನೊಬ್ಬನಿಗೆ ಭಾರತದ ಟೋಪಿ ದೊರೆಯುವುದು ಸಾಧ್ಯವೆಂದು ತೋರಿಸಿದವರು ಅವರು.

ಮೂವರು ಸ್ಪಿನ್ ಬೌಲರುಗಳನ್ನೂ ಇಟ್ಟುಕೊಳ್ಳಬೇಕಾದರೆ ಎಲ್ಲಿಯೋ ಒಂದು ಸ್ಥಳವನ್ನು ಉಳಿಸಬೇಕು. ಉಳಿಸುವ ಉಪಾಯವು ಚಿಕ್ಕಮಗಳೂರಿನಲ್ಲಿದೆ. 1977–78ರಲ್ಲಿ ಅಲ್ಲಿ ಕೇರಳದ ಎದುರು ಕರ್ನಾಟಕವು ಒಂದು ವಿಕೆಟ್ಟನ್ನೂ ಕಳೆದುಕೊಳ್ಳದೆ 451 ಓಟಗಳನ್ನು ಮಾಡಿ ಆಟವನ್ನು ಬಿಟ್ಟುಕೊಟ್ಟಿತು. ಸಂಜಯ್ ದೇಸಾಯಿ 218, ರೋಜರ್ ಬಿನ್ನಿ 211. ಇದೇ ಬಿನ್ನಿಯವರು 1983ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚಾಗಿ 18 ವಿಕೆಟ್ ತೆಗೆದವರು. ಅವರನ್ನು ಆರಂಭದ ಆಟಕ್ಕೆ ಕಳುಹಿಸಿದರೆ, ಹೊಸ ಚೆಂಡನ್ನು ಶ್ರೀನಾಥರೊಡನೆ ಹಂಚಿಕೊಳ್ಳುವವರೂ ಅವರೇ ಆಗುವರು. ಒಂದು ಸ್ಥಳದಲ್ಲಿ ಎರಡು ಕೆಲಸ. ಜೊತೆಗೆ ಕೆ. ಎಲ್. ರಾಹುಲ್ ಅವರನ್ನು ಕಳುಹಿಸುವೆವು. ಐದನೆಯವರು ಬ್ರಿಜೇಶ್ ಪಟೇಲ್, ಆರನೆಯವರು 2016ರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ಮೇಲೆ ಔಟಾಗದೆ 303 ಹೊಡೆದ ಕರುಣ್ ನಾಯರ್, ಏಳನೆಯವರಾಗಿ ವಿಕೆಟ್ಟಿನ ಹಿಂದೆ ಕಿರ್ಮಾನಿ. ಬಳಿಕ ಕುಂಬ್ಳೆ, ಶ್ರೀನಾಥ್, ಪ್ರಸನ್ನ, ಚಂದ್ರಶೇಖರ್. ವೆಂಕಟೇಶ ಪ್ರಸಾದ್ ಅವರನ್ನು ಹನ್ನೆರಡನೆಯವರಾಗಿ ಕೂರಿಸಿದ್ದೇವೆ. ವೇಗದ ನೆಲದಲ್ಲಿ ಆಡುವುದಾದರೆ ಇಬ್ಬರು ವೇಗದವರು ಸಾಲರೆಂದು ಯಾರಾದರೂ ಆಕ್ಷೇಪಿಸಿದರೆ ನಾವು ಸುಮ್ಮನಿರಬೇಕಾಗುವುದು.

ನಾಯಕತ್ವವನ್ನು ಪ್ರಸನ್ನರಿಗೆ ಕೊಡುವೆವು. ದ್ರಾವಿಡ್, ಕುಂಬ್ಳೆ ಇಬ್ಬರೂ ಭಾರತವನ್ನೇ ನಡೆಸಿದವರಲ್ಲವೇ ಎನ್ನಬಹುದು. ಆದರೆ ಬೊಂಬಾಯಿಯವರು ಹದಿನೈದು ವರ್ಷ ಎಡೆಬಿಡದೆ ರಣಜಿ ಪಾರಿತೋಷಕವನ್ನು ಇಟ್ಟುಕೊಂಡಿದ್ದ ಕಾಲದಲ್ಲಿ, 1973–74ರಲ್ಲಿ, ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಅವರನ್ನು ತಡೆದು, ಆ ಬಳಿಕ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲನೆಯ ಸಲ ಅದನ್ನು ನಮ್ಮ ನಾಡಿಗೆ ತಂದವರು ಪ್ರಸನ್ನ. ಮುಂದೆ ಬಂದ ಏಳು ಜಯಗಳಿಗೂ ಆ ದಿನವೇ ಬಾಗಿಲು ತೆರೆಯಿತು.

ಇಷ್ಟಕ್ಕೇ ಲೇಖನವನ್ನು ಮುಗಿಸಿದ್ದರೆ ನಾವೂ ಬಸ್ತಿಹಳ್ಳಿಯ ಬಸದಿಯ ಹೊರಗೋಡೆಯನ್ನು ನೋಡಿ ಹಿಂದಿರುಗಿದವರಾಗುತ್ತಿದ್ದೆವು. ಹುಡುಗಿಯರ ತಂಡವೆಲ್ಲಿ? ಇದನ್ನು ಕಟ್ಟಲು ಕುಳಿತವರಿಗೆ ಮೊದಲನೆಯ ಹೆಸರು ಸುಲಭವಾಗಿಯೇ ಸಿಕ್ಕುವುದು. ಬೆಂಗಳೂರಿನ ಶಾಂತಾ ರಂಗಸ್ವಾಮಿ ಅವರು ಭಾರತದ ಮಹಿಳಾ ಟೆಸ್ಟ್ ತಂಡದ ಮೊದಲನೆಯ ನಾಯಕಿ. ಅವರ ನಾಯಕತ್ವದಲ್ಲಿಯೇ 1976ರಲ್ಲಿ ಪಾಟ್ನಾದಲ್ಲಿ ವೆಸ್ಟ್ ಇಂಡೀಸಿನ ಮೇಲೆ ಮೊದಲನೆಯ ಜಯವು ಬಂದಿತು. 1977ರಲ್ಲಿ ನ್ಯೂಜಿಲೆಂಡಿನ ಡನೀಡಿನ್ನಿನಲ್ಲಿ 108 ಓಟ ಹೊಡೆದು ಭಾರತೀಯ ಮಹಿಳೆಯರಲ್ಲಿ ಮೊದಲನೆಯ ಟೆಸ್ಟ್ ಶತಕವನ್ನು ಪಡೆದವರೂ ಅವರೇ. ನಾಯಕಿಯ ಪದವಿಗೆ ಇಲ್ಲಿ ಚರ್ಚೆಯಿಲ್ಲ. ವಿಕೆಟ್ಟಿನ ಹಿಂದೆ ಕರುಣಾ ಜೈನ್. ಭಾರತವನ್ನು ನಡೆಸಿದ ಮಮತಾ ಮಾಬೆನ್. ವಿಜಯಪುರದ ರಾಜೇಶ್ವರಿ ಗಾಯಕವಾಡ್ ಮತ್ತು ಕಡೂರಿನ ವೇದಾ ಕೃಷ್ಣಮೂರ್ತಿ ಇಬ್ಬರನ್ನೂ ಒಂದೇ ಪಂದ್ಯದಿಂದ ಆರಿಸಬಹುದು: 2017ರ ವಿಶ್ವಕಪ್ಪಿನಲ್ಲಿ ಡರ್ಬಿಯಲ್ಲಿ, ಗೆಲ್ಲದಿದ್ದರೆ ಮನೆಗೆ ಹೋಗಬೇಕಾಗಿದ್ದ ದಿನ, ವೇದಾ 45 ಚೆಂಡುಗಳಲ್ಲಿ 70 ಓಟ ಹೊಡೆದರು; ರಾಜೇಶ್ವರಿ 15 ಓಟಗಳಿಗೆ ಐದು ವಿಕೆಟ್ ತೆಗೆದರು; ನ್ಯೂಜಿಲೆಂಡಿನವರು 79ಕ್ಕೆ ಮುಗಿದರು. 2023ರ ಡಿಸೆಂಬರಿನಲ್ಲಿ ತಮ್ಮ ಮೊದಲನೆಯ ಟೆಸ್ಟಿನಲ್ಲಿಯೇ 69 ಓಟ ಮಾಡಿದ ಶುಭಾ ಸತೀಶ್, ಮತ್ತು ಶ್ರೇಯಾಂಕಾ ಪಾಟೀಲ್ ಹೊಸಬರು.

ಇಲ್ಲಿಗೆ ಏಳು ಮಂದಿಯಾದರು. ಮುಂದಕ್ಕೆ ಹೋಗಲು ಲೆಕ್ಕದ ಪುಸ್ತಕವು ನಮಗೆ ನೆರವಾಗುವುದಿಲ್ಲ. ಶಾಂತಾ ಅವರು 1976ರಿಂದ 1991ರ ವರೆಗೆ ಆಡಿಯೂ ಅವರಿಗೆ ದೊರೆತ ಟೆಸ್ಟುಗಳು 16 ಮಾತ್ರ; ದ್ರಾವಿಡ್ ಅವರಿಗೆ ಅಷ್ಟೇ ಅವಧಿಯಲ್ಲಿ ದೊರೆತವು 164. ಭಾರತದ ಮಹಿಳೆಯರಿಗೆ 2006ರಿಂದ 2014ರ ವರೆಗೆ ಒಂದು ಟೆಸ್ಟೂ ಇರಲಿಲ್ಲ. 2014ರ ನವೆಂಬರಿನಲ್ಲಿ ನಮ್ಮ ಮೈಸೂರಿನಲ್ಲಿಯೇ ದಕ್ಷಿಣ ಆಫ್ರಿಕದ ಎದುರು ಒಂದು ಪಂದ್ಯ ನಡೆದು, ಗೆದ್ದು, ಆಮೇಲೆ ಪುನಃ 2021ರ ತನಕ ಇಲ್ಲ. ಇಪ್ಪತ್ತರ ಹುಡುಗಿಯು ಇಪ್ಪತ್ತೇಳಾಗುವಷ್ಟು ಕಾಲ ಅದು! ಆಡದ ಪಂದ್ಯಗಳಲ್ಲಿ ಹೊಡೆಯಬಹುದಾಗಿದ್ದ ಓಟಗಳನ್ನು ಯಾರು ಬರೆದಿಟ್ಟಿರುವರು? ಗಂಡಸರ ತಂಡದಲ್ಲಿ ಮೂವರು ಒಂದು ಸ್ಥಳಕ್ಕೆ ನೂಕಾಡುವರು. ಇಲ್ಲಿ ಸ್ಥಳಗಳೇ ಹೆಸರುಗಳಿಗಾಗಿ ಕಾದಿರುವುವು.

ಆದಕಾರಣ ಮಿಕ್ಕ ನಾಲ್ಕು ಸ್ಥಳಗಳನ್ನು ನಾವು ಬರಿದಾಗಿಯೇ ಬಿಟ್ಟಿದ್ದೇವೆ. ಅರಸೀಕೆರೆಯಿಂದ ಕಡೂರಿಗೆ ರೈಲಿನಲ್ಲಿ ಹೆಚ್ಚು ಹೊತ್ತಿನ ದಾರಿಯಿಲ್ಲ.