ಫಾರಂ ಕೋಳಿಗೆ ಅಳತೆಯ ಊಟ



2020ರ ಮಾರ್ಚ್ ತಿಂಗಳು ನೆನಪಿದೆಯೇ? ಕೋಳಿ ತಿಂದರೆ ಕೊರೊನಾ ಬರುತ್ತೆ ಅಂತ ಸುಳ್ಳು ಸುದ್ದಿ ಹಬ್ಬಿತು. ಕೋಳಿಯ ಬೆಲೆ ಬಿದ್ದುಹೋಯಿತು. ನಮ್ಮ ರಾಜ್ಯದಲ್ಲೇ ಕೆಲವರು ಸಾವಿರಾರು ಕೋಳಿಗಳನ್ನು ಗುಂಡಿ ತೋಡಿ ಜೀವಂತ ಹೂಳಿದರು. ಆಗ ಎರಡು ಬಿಳಿ ಮರಿಗಳು ನಮ್ಮ ಮನೆಗೆ ಬಂದವು. ಕೊಯ್ಯಲು ಮನಸ್ಸು ಬರಲಿಲ್ಲ. ಸಾಕಿಕೊಂಡೆವು.

ಮರಿಗಳು ಯಾವಾಗಲೂ ಹಸಿವು ಅಂತ ಕೂಗುತ್ತಿದ್ದವು. ಪಾಪ ಅಂತ ಅಕ್ಕಿ, ಜೋಳ, ಅನ್ನ ಹಾಕುತ್ತಲೇ ಹೋದೆವು. ಮೂರು ತಿಂಗಳಿಗೆ ಹುಂಜ ಕಾಲೂರಿ ನಿಲ್ಲದಾಯಿತು. ಒಂದು ಮಧ್ಯಾಹ್ನ ಬಾಯಿ ಕಳೆದು ಏದುಸಿರು ಬಿಟ್ಟು ಸತ್ತೇಹೋಯಿತು. ಪಶುವೈದ್ಯರು ಹೇಳಿದರು, "ಟೀಚರೇ, ಇದಕ್ಕೆ ಬೇರೆ ಯಾವ ರೋಗವೂ ಇಲ್ಲ. ಮೈಭಾರವನ್ನು ಹೃದಯ ತಡೆಯಲಿಲ್ಲ."

ಅತಿಯಾದರೆ ಅಮೃತವೂ ವಿಷ. ನಮ್ಮ ಪ್ರೀತಿಯೇ ಅದಕ್ಕೆ ವಿಷವಾಯಿತು. ಉಳಿದ ಹೇಂಟೆಗೆ ಅಳತೆಯಲ್ಲಿ ಊಟ ಕೊಟ್ಟೆವು. ಅದು ಮೂರು ವರ್ಷ ನಮ್ಮ ಅಂಗಳದಲ್ಲಿ ಓಡಾಡಿತು.

ಹೀಗೇಕೆ ಆಗುತ್ತದೆ?

ಫಾರಂ ಕೋಳಿ ಮಾಂಸಕ್ಕಾಗಿಯೇ ಬೆಳೆಸಿದ ತಳಿ. ಹುಟ್ಟಿದ ದಿನ ಮರಿ ಸುಮಾರು 40 ಗ್ರಾಂ ಇರುತ್ತದೆ. 6 ವಾರಕ್ಕೆ 2 ಕಿಲೋ ದಾಟುತ್ತದೆ. ನಾಟಿ ಮರಿ 1 ಕಿಲೋ ತೂಗಲು ನಾಲ್ಕೈದು ತಿಂಗಳು ಬೇಕು. ಫಾರಂ ಕೋಳಿಯ ಮಾಂಸ ಬೇಗ ಬೆಳೆಯುತ್ತದೆ. ಕಾಲು, ಹೃದಯ, ಶ್ವಾಸಕೋಶ ಆ ಭಾರ ತಡೆಯುವುದಿಲ್ಲ. ಇದಕ್ಕೆ ಹೊಟ್ಟೆ ತುಂಬಿತು ಅನ್ನಿಸುವುದೇ ಕಡಿಮೆ. ಎಷ್ಟು ಹಾಕಿದರೂ ತಿನ್ನುತ್ತದೆ. ಮೊಟ್ಟೆಮರಿಗಾಗಿ ತಾಯಿ ಕೋಳಿ ಸಾಕುವ ಫಾರಂಗಳಲ್ಲೂ ಆಹಾರ ಅಳೆದೇ ಕೊಡುತ್ತಾರೆ.

ಎಷ್ಟು ಕೊಡಬೇಕು?

ಮೊದಲ ಎರಡು ಮೂರು ವಾರ ಮರಿಗೆ ಹೊಟ್ಟೆ ತುಂಬ ಮರಿ ಆಹಾರ ಕೊಡಿ. ಆಮೇಲೆ ಅಳತೆ ಹಿಡಿಯಿರಿ. ಬೆಳೆದ ಕೋಳಿಗೆ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಆಹಾರದಿಂದ ಶುರು ಮಾಡಿ. ಅರ್ಧ ಬೆಳಗ್ಗೆ, ಅರ್ಧ ಸಂಜೆ. ತೂಕ ಏರಿದರೆ ಸ್ವಲ್ಪ ಇಳಿಸಿ. ಸೊರಗಿದರೆ ಸ್ವಲ್ಪ ಏರಿಸಿ. ಒಮ್ಮೆಲೇ ಊಟ ನಿಲ್ಲಿಸಬೇಡಿ. ಉಪವಾಸ ಕೆಡವುವುದು ದಾರಿಯಲ್ಲ.

ಏನು ಕೊಡಬೇಕು?

ಮಾಂಸ ಬೆಳೆಸುವ ಆಹಾರ ಬೇಡ. ಬೆಳೆಯುವ ಕೋಳಿಯ ಆಹಾರ ಅಂತ ಅಂಗಡಿಯಲ್ಲಿ ಕೇಳಿ. ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಎಲೆಕೋಸಿನ ಎಲೆ ಹಾಕಿ. ಸೊಪ್ಪಿನಿಂದ ಹೊಟ್ಟೆ ತುಂಬುತ್ತದೆ, ಬೊಜ್ಜು ಬೆಳೆಯದು. ಅನ್ನ, ಜೋಳ, ಅಕ್ಕಿ ಒಂದು ಚಿಟಿಕೆ ಸಾಕು. ಉಪ್ಪು ಹಾಕಿದ ಅಡುಗೆ, ಕರಿದ ತಿಂಡಿ ಬೇಡ. ಮೊಟ್ಟೆ ಇಡುವ ಹೇಂಟೆಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ. ಶುದ್ಧ ನೀರು ಮಾತ್ರ ದಿನವಿಡೀ ಇರಲಿ.

ನಡೆಸುವುದು ಹೇಗೆ?

ಆಹಾರವನ್ನು ಬಟ್ಟಲಲ್ಲಿ ಸುರಿಯಬೇಡಿ. ಅಂಗಳದಲ್ಲಿ ಚೆಲ್ಲಿ. ಕೆದಕಿ, ಹುಡುಕಿ ತಿನ್ನಲಿ. ನೀರನ್ನು ಆ ಕಡೆ ಇಡಿ. ನಡೆದು ಹೋಗಿ ಕುಡಿಯಲಿ. ನಾಟಿ ಕೋಳಿಗೆ ಕಾಳು ಹಾಕುವಾಗ ಇದನ್ನು ಪಂಜರದಲ್ಲಿ ಕೂಡಿಹಾಕಿ. ಇಲ್ಲದಿದ್ದರೆ ಎಲ್ಲರ ಪಾಲೂ ಇದೇ ಕಬಳಿಸುತ್ತೆ! ಮಲಗುವ ಜಾಗಕ್ಕೆ ಭತ್ತದ ಹೊಟ್ಟು ದಪ್ಪಗೆ ಹರಡಿ. ಎತ್ತರದಿಂದ ಹಾರಿಸಬೇಡಿ. ಭಾರದ ಮೈಗೆ ಪಾದದಲ್ಲಿ ಗಾಯವಾಗುತ್ತದೆ. ಬೇಸಿಗೆಯಲ್ಲಿ ನೆರಳು ಬೇಕು. ಬಿಸಿಲು ಏರುವ ಮೊದಲೇ ಊಟ ಮುಗಿಸಿ.

ತೂಕ ನೋಡೋಣ

ವಾರಕ್ಕೊಮ್ಮೆ ಕೋಳಿಯನ್ನು ಬುಟ್ಟಿಯಲ್ಲಿ ಕೂರಿಸಿ ತೂಗಿ. ಬುಟ್ಟಿಯ ತೂಕ ಕಳೆಯಿರಿ. ಎದೆಯ ನಡುವಿನ ಮೂಳೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಅದು ಮಾಂಸದಲ್ಲಿ ಹೂತು ಸಿಗದಿದ್ದರೆ ತೂಕ ಹೆಚ್ಚು. ಕತ್ತಿಯ ಅಂಚಿನಂತೆ ಚುಚ್ಚಿದರೆ ತೂಕ ಕಡಿಮೆ.

ಸುಮ್ಮನೆ ಕೂತಾಗಲೂ ಬಾಯಿ ಕಳೆದು ಉಸಿರಾಡಿದರೆ, ಜುಟ್ಟು ನೀಲಿಯಾದರೆ, ಹೊಟ್ಟೆ ಊದಿದರೆ, ಕಾಲು ಊರದಿದ್ದರೆ ತಡಮಾಡಬೇಡಿ. ಪಶು ಆಸ್ಪತ್ರೆಗೆ ಒಯ್ಯಿರಿ.

ಹಸಿದು ಕೂಗುವ ಕೋಳಿಯನ್ನು ಕಂಡರೆ ನಮಗೂ ಕರುಳು ಚುರ್ ಅನ್ನುತ್ತೆ. ಆಗ ಕಾಳಿನ ಡಬ್ಬಿ ಮುಟ್ಟಬೇಡಿ. ಒಂದು ಹಿಡಿ ಸೊಪ್ಪು ಹಾಕಿ. ಅದೇ ಅದಕ್ಕೆ ಆಯುಸ್ಸು.

ಲೆಕ್ಕ ಮಾಡಿ, ಬರೆಯಿರಿ

1. ಬುಟ್ಟಿ ಮತ್ತು ಕೋಳಿ ಸೇರಿ 3 ಕಿಲೋ 400 ಗ್ರಾಂ. ಬುಟ್ಟಿ 400 ಗ್ರಾಂ. ಕೋಳಿಯ ತೂಕ ಎಷ್ಟು?

2. ದಿನಕ್ಕೆ 100 ಗ್ರಾಂ ಕೊಟ್ಟರೆ 30 ದಿನಕ್ಕೆ ಎಷ್ಟು ಕಿಲೋ ಆಹಾರ ಬೇಕು?

3. ನಿಮ್ಮ ನೋಟುಪುಸ್ತಕದಲ್ಲಿ ಎರಡು ಸಾಲು ಎಳೆಯಿರಿ. ಒಂದರಲ್ಲಿ ತಾರೀಕು, ಇನ್ನೊಂದರಲ್ಲಿ ತೂಕ. ಪ್ರತಿ ವಾರ ನೀವೇ ಬರೆಯಿರಿ. ಪಶುವೈದ್ಯರ ಹತ್ತಿರ ಹೋಗುವಾಗ ಆ ಪುಸ್ತಕ ಕೈಯಲ್ಲಿರಲಿ.